ಆಸ್ಪತ್ರೆಯ ಹೆಂಗಸರೂ ಬಡ್ತಿಯ ಮೆಟ್ಟಿಲೂ
(ಸಂಘದ ರಾಜ್ಯೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಂಬಯಿಯ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮನ್ನು ಕರೆದು ಮಾತನಾಡಲು ಹೇಳಿದ್ದಕ್ಕೆ ಸಂಘಕ್ಕೆ ಕೃತಜ್ಞರಾಗಿದ್ದೇವೆ. ದಾದಿಯನ್ನು ತಾಯಿಯೆಂದು ಹೊಗಳುವ ವಾಡಿಕೆ ನಮ್ಮಲ್ಲಿದೆ. ಹೊಗಳಿಕೆಯೊಡನೆ ಬಡ್ತಿಯೂ ಬರಬೇಕೆಂದು ಕೇಳಲು ಬಂದಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ ೨೦೧೯ರ ವರದಿಯಂತೆ ಜಗತ್ತಿನ ಆರೋಗ್ಯ ಸೇವೆಯಲ್ಲಿ ದುಡಿಯುವವರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಹೆಂಗಸರು. ಮೇಲಿನ ಅಧಿಕಾರಸ್ಥಾನಗಳಲ್ಲಿ ನೂರಕ್ಕೆ ೨೫ ಮಾತ್ರ. ಯೋಗ್ಯತೆಯ ಕೊರತೆಯಿಂದಲೇ? ಇದೇ ಮುಂಬಯಿಯಲ್ಲಿ ೧೮೮೬ರಲ್ಲಿ ಕಾಮಾ ಆಸ್ಪತ್ರೆ ತೆರೆದಾಗ ಅದರ ಹಿರಿಯ ವೈದ್ಯಾಧಿಕಾರಿ ಡಾ. ಈಡಿತ್ ಪೀಚಿ ಎಂಬ ಹೆಂಗಸು. ಹೆಂಗಸು ಆಸ್ಪತ್ರೆ ನಡೆಸಬಲ್ಲಳೆಂಬುದು ಅಂದೇ ತಿಳಿದ ಸಂಗತಿ.

ಹಾಗಾದರೆ ಅಡ್ಡಿ ಯಾವುದು? ಮೊದಲನೆಯದಾಗಿ, ಮೇಲಿನ ಹುದ್ದೆಗಳೇ ಕಡಮೆ. ೨೦೧೬ರಲ್ಲಿ ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಎಂಬ ಹೆಸರು ನರ್ಸಿಂಗ್ ಆಫೀಸರ್ ಎಂದಾಯಿತು. ಸಂತೋಷವೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ಮೇಲೇರಲು ಹೊಸ ಮೆಟ್ಟಿಲು ಹುಟ್ಟುವುದಿಲ್ಲ.

ಎರಡನೆಯದು, ಓದು. ಮೂರು ವರ್ಷದ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದವಳು ಪದವಿಗಾಗಿ ಮತ್ತೆ ಎರಡು ವರ್ಷ ಕಾಲೇಜಿಗೆ ಹೋಗಬೇಕು. ಬಸಿರು, ಬಾಣಂತನ, ಮಕ್ಕಳ ಶಾಲೆ ಎಲ್ಲವೂ ಅದೇ ವಯಸ್ಸಿನಲ್ಲಿ. ೨೦೧೭ರ ತಿದ್ದುಪಡಿ ೨೬ ವಾರಗಳ ಹೆರಿಗೆ ರಜೆ ತಂದಿತು. ೫೦ ಮಂದಿ ದುಡಿಯುವಲ್ಲಿ ಶಿಶುಪಾಲನಾ ಗೃಹವಿರಬೇಕೆಂದೂ ವಿಧಿಸಿತು. ಆದರೂ ರಾತ್ರಿ ಪಾಳಿಗೆ ಹೊರಟವಳು ಮಗುವನ್ನು ಯಾರ ಮಡಿಲಿಗೆ ಹಾಕಿ ಹೋಗಬೇಕೆಂಬ ಚಿಂತೆ ತಪ್ಪಿಲ್ಲ.

ಮೂರನೆಯದು, ಪರವೂರಿಗೆ ಬಂದ ನಮ್ಮ ಪಾಡು. ಯಜಮಾನರಿಗೆ ವರ್ಗವಾಯಿತೆಂದು ಹೊರಟು ಬಂದರೆ, ಕರ್ನಾಟಕದಲ್ಲಿದ್ದ ನೋಂದಣಿಯನ್ನು ಮಹಾರಾಷ್ಟ್ರದಲ್ಲಿ ಮತ್ತೆ ಮಾಡಿಸಬೇಕು. ಹುಬ್ಬಳ್ಳಿಯಲ್ಲಿ ಗಳಿಸಿದ ಸೇವಾಹಿರಿತನ ಅಲ್ಲೇ ಉಳಿಯುತ್ತದೆ. ಇಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಹುದ್ದೆ ಹೆಚ್ಚಿಸುವುದು, ಓದಲು ಸಂಬಳಸಹಿತ ರಜೆ ಕೊಡುವುದು ಆಡಳಿತದವರ ಕೆಲಸ. ಅದನ್ನು ಕೇಳುತ್ತಲೇ ಇರುತ್ತೇವೆ. ಸಂಘವೂ ಒಂದು ಉಪಕಾರ ಮಾಡಬಹುದು: ರಾತ್ರಿ ಪಾಳಿಯ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಬಲ್ಲ ನೆರೆಯ ಕನ್ನಡ ಮನೆಗಳ ಪಟ್ಟಿಯನ್ನು ಮಾಡಿಡಬಹುದು.

ಮನೆಯ ಹಿರಿಯರಲ್ಲಿಯೂ ಒಂದು ಬಿನ್ನಹ. ಸೊಸೆಗೆ ಬಡ್ತಿಯ ಸಂದರ್ಭ ಬಂದಾಗ, “ನಿನಗೇಕಮ್ಮ ಆ ತಲೆನೋವು?” ಎನ್ನಬೇಡಿ. ಅಕ್ಕರೆಯಿಂದ ಆಡಿದ ಆ ಮಾತಿಗೇ ಎಷ್ಟೋ ಅರ್ಜಿಗಳು ಪೆಟ್ಟಿಗೆಯಲ್ಲಿ ಉಳಿದಿವೆ. “ಬರೆದು ಹಾಕು, ಮಗುವನ್ನು ನಾವು ನೋಡಿಕೊಳ್ಳುತ್ತೇವೆ” ಎನ್ನಿ. ಅಷ್ಟು ಸಾಕು.