ನಾವು 'ಸಿಸ್ಟರ್' ಎಂದು ಕರೆಯುವ ಆ ಸಹೋದರಿ

(ದಾದಿಯರ ದಿನದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಸ್ಪತ್ರೆಯ ಹಾಸಿಗೆಯಲ್ಲಿ ನೋವಿನಿಂದ ನರಳುವಾಗ ನಾವು ಮೊದಲು ಕೂಗುವುದು 'ಸಿಸ್ಟರ್' ಎಂದು. ಆಕೆಯ ಹೆಸರು ನಮಗೆ ಗೊತ್ತಿರುವುದಿಲ್ಲ. ಊರು ಯಾವುದೆಂದು ವಿಚಾರಿಸುವುದಿಲ್ಲ. ಜಾತಿ-ಧರ್ಮಗಳ ನೆನಪೂ ಆಗುವುದಿಲ್ಲ. ಆ ಗಳಿಗೆಯಲ್ಲಿ ಆಕೆ ನಮ್ಮ ಸಹೋದರಿ. ಆದರೆ ಗುಣಮುಖರಾಗಿ ಆಸ್ಪತ್ರೆಯ ಮೆಟ್ಟಿಲಿಳಿದ ಬಳಿಕ ಈ ಸಂಬಂಧ ಎಷ್ಟು ದಿನ ಉಳಿಯುತ್ತದೆ? ಮೇ 12ರ ದಾದಿಯರ ದಿನದ ನೆಪದಲ್ಲಿ ಇಲ್ಲಿ ಸೇರಿರುವ ನಾವು ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ಅದಕ್ಕಾಗಿ ನಾವಿಂದು ನೆರೆಯ ಕೇರಳದ ದಾದಿ ಲಿನಿ ಪುದುಶ್ಶೇರಿಯನ್ನು ಸ್ಮರಿಸುತ್ತಿದ್ದೇವೆ.

ಲಿನಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ. ಆಕೆಯದು ಖಾಯಂ ನೌಕರಿಯಾಗಿರಲಿಲ್ಲ. ಪತಿ ಬಹರೈನ್‌ನಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಇಬ್ಬರು ಪುಟ್ಟ ಗಂಡುಮಕ್ಕಳು. 2018ರ ಮೇ ತಿಂಗಳ ಆರಂಭದಲ್ಲಿ ಹತ್ತಿರದ ಗ್ರಾಮದ ಯುವಕನೊಬ್ಬ ಜ್ವರದಿಂದ ಬಳಲುತ್ತಾ ಆ ಆಸ್ಪತ್ರೆಗೆ ದಾಖಲಾದನು. ಅದು ಯಾವ ಜ್ವರವೆಂದು ಅಲ್ಲಿ ಯಾರೂ ಅರಿತಿರಲಿಲ್ಲ. ಅದನ್ನು ಅರಿಯುವ ತನಕ ಕಾಯಬಹುದೆಂದು ಲಿನಿ ಯೋಚಿಸಲಿಲ್ಲ. ಆತನ ಆರೈಕೆ ಮಾಡಿದಳು. ಯುವಕ ಮುಸ್ಲಿಮನಾಗಿದ್ದನು, ಲಿನಿ ಹಿಂದೂ ಆಗಿದ್ದಳು. ಈ ಮಾತನ್ನು ಇಂದು ನಾವು ಹೇಳಬೇಕಾಗಿ ಬಂದಿರುವುದು ನಮ್ಮ ಕಾಲದ ದುರಂತ. ಆ ವಾರ್ಡಿನಲ್ಲಿ ಅದು ಯಾರಿಗೂ ಬೇಕಾದ ಮಾತಾಗಿರಲಿಲ್ಲ.

ಮೇ 5ರಂದು ಆ ಯುವಕ ತೀರಿಕೊಂಡನು. ಮುಂದೆ ಅದೇ ಕುಟುಂಬದ ಇನ್ನೂ ಮೂವರು ಅವನನ್ನು ಹಿಂಬಾಲಿಸಿದರು. ಬಾವಲಿಗಳಿಂದ ಬರುವ ನಿಪಾ ವೈರಸ್ ಇದೆಂದು ಪತ್ತೆ ಹಚ್ಚಿದ್ದು ನಮ್ಮದೇ ಕರಾವಳಿಯ ಮಣಿಪಾಲದ ಪ್ರಯೋಗಾಲಯ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಅಷ್ಟರಲ್ಲಿ ಲಿನಿ ಸ್ವತಃ ರೋಗಿಯಾಗಿದ್ದಳು. ತನ್ನಿಂದ ಇತರರಿಗೆ ಹರಡಬಾರದೆಂದು ತನ್ನನ್ನು ಪ್ರತ್ಯೇಕವಾಗಿರಿಸುವಂತೆ ಆಕೆಯೇ ಕೇಳಿಕೊಂಡಳೆಂದು ವರದಿಯಾಗಿದೆ. ತೀವ್ರ ನಿಗಾ ಘಟಕದಿಂದ ಪತಿಗೆ ಒಂದು ಚಿಕ್ಕ ಪತ್ರ ಬರೆದಳು. ಇನ್ನು ಭೇಟಿಯಾಗುವೆವೆಂಬ ಭರವಸೆಯಿಲ್ಲ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅದರ ತಿರುಳು. ಮೇ 21ರಂದು ಆಕೆ ಕೊನೆಯುಸಿರೆಳೆದಳು. ಸೋಂಕು ಹರಡುವ ಭಯದಿಂದ ದೇಹವನ್ನು ಮನೆಗೆ ಒಯ್ಯಲಿಲ್ಲ. ಕುಟುಂಬದ ಒಪ್ಪಿಗೆ ಪಡೆದು ಕೋಝಿಕ್ಕೋಡಿನಲ್ಲೇ ದಹಿಸಲಾಯಿತು. ಅಮ್ಮನ ಮುಖವನ್ನು ಕಡೆಯ ಬಾರಿ ನೋಡುವ ಭಾಗ್ಯ ಆ ಮಕ್ಕಳಿಗಿರಲಿಲ್ಲ.

ಸಹೋದರರೇ, ಇಷ್ಟನ್ನು ಹೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗುವುದು ಸುಲಭ. ಆದರೆ ಅದೇ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯಿದೆ. ಲಿನಿಯ ಸಹೋದ್ಯೋಗಿಗಳಾದ ದಾದಿಯರನ್ನು ಕಂಡರೆ ಜನ ದೂರ ಸರಿದರು. ಬಸ್ಸಿನಲ್ಲಿ ಅವರ ಪಕ್ಕ ಕೂರಲು ಹಿಂಜರಿದರು. ಮೃತಳಾದ ಲಿನಿಯನ್ನು ದೇಶವೇ ಕೊಂಡಾಡುತ್ತಿದ್ದಾಗ ಜೀವಂತವಿರುವ ಲಿನಿಯರಿಗೆ ಸಿಕ್ಕಿದ್ದು ಈ ಮರ್ಯಾದೆ.

ಇದು ಕೇರಳದ ದೋಷವೆಂದು ನಾವು ಬೀಗಬೇಕಾಗಿಲ್ಲ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 22ರಂದು, ನಾವೆಲ್ಲಾ ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿದೆವು, ಜಾಗಟೆ ಬಾರಿಸಿದೆವು. ಒಂದೇ ತಿಂಗಳೊಳಗೆ, ಅವರ ಮೇಲೆ ಹಲ್ಲೆ ಮಾಡಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನು ಕೇಂದ್ರ ಸರಕಾರ ತರಬೇಕಾಯಿತು. ಬಾಡಿಗೆ ಮನೆಯಿಂದ ಹೊರಹೋಗುವಂತೆ ದಾದಿಯರಿಗೆ ಹೇಳಿದ ಮಾಲಕರೂ ಚಪ್ಪಾಳೆ ತಟ್ಟಿದವರಲ್ಲಿ ಇದ್ದಿರಬಹುದಲ್ಲವೇ?

ಲಿನಿಯ ಮರಣಾನಂತರ ವಿಶ್ವ ಆರೋಗ್ಯ ಸಂಸ್ಥೆಯ ಜಿಮ್ ಕ್ಯಾಂಪ್‌ಬೆಲ್ ಆಕೆಯ ಹೆಸರಿನೊಂದಿಗೆ ಇನ್ನಿಬ್ಬರನ್ನು ಸ್ಮರಿಸಿದರು. ಒಬ್ಬಳು ಗಾಯಾಳುಗಳ ಶುಶ್ರೂಷೆಗೆ ತೆರಳಿ 2018ರ ಜೂನ್ 1ರಂದು ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದ ಗಾಝಾದ ರಝಾನ್ ಅಲ್ ನಜ್ಜಾರ್. ಇನ್ನೊಬ್ಬಳು ಲೈಬೀರಿಯಾದ ಸಲೋಮಿ ಕರ್ವಾ. ಸಲೋಮಿ ಎಬೋಲಾದಿಂದ ಬದುಕುಳಿದು, ಎಬೋಲಾ ರೋಗಿಗಳನ್ನೇ ಉಪಚರಿಸಿದವಳು. 2017ರಲ್ಲಿ ಹೆರಿಗೆಯ ಬಳಿಕ ಅಸ್ವಸ್ಥಳಾದಾಗ, ಹಳೆಯ ರೋಗದ ಭಯದಿಂದ ಆಸ್ಪತ್ರೆಯವರು ತನ್ನನ್ನು ಮುಟ್ಟಲು ಹಿಂಜರಿದುದರಿಂದಲೇ ಆಕೆ ತೀರಿಕೊಂಡಳೆಂದು ಕುಟುಂಬ ದೂರಿತು. ಎಲ್ಲರನ್ನೂ ಮುಟ್ಟಿ ಸಂತೈಸಿದವಳನ್ನು ಮುಟ್ಟಲು ಯಾರೂ ಇಲ್ಲದಂತಾಗುವುದಕ್ಕಿಂತ ದೊಡ್ಡ ಕೃತಘ್ನತೆ ಇದೆಯೇ?

ಲಿನಿಯ ಕುಟುಂಬಕ್ಕೆ ಕೇರಳ ಸರಕಾರ ನೆರವಾಯಿತು. ಮಕ್ಕಳಿಬ್ಬರಿಗೆ ತಲಾ 10 ಲಕ್ಷ ರೂಪಾಯಿ ಮತ್ತು ಪತಿಗೆ ಸರಕಾರಿ ನೌಕರಿ ನೀಡಿತು. ಮರಣೋತ್ತರವಾಗಿ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯೂ ಸಂದಿತು. ಇದೆಲ್ಲಾ ಶ್ಲಾಘನೀಯವೇ. ಆದರೆ ಒಂದು ಖಾಯಂ ನೌಕರಿ ಆ ಮನೆಯ ಬಾಗಿಲಿಗೆ ಬರಲು ಆಕೆ ಸಾಯಬೇಕಾಯಿತು ಎಂಬುದನ್ನು ಮರೆಯಬಾರದು. ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರಾದರೂ ತಿಂಗಳಿಗೆ 20,000 ರೂಪಾಯಿಯ ಕನಿಷ್ಠ ವೇತನದ ಆದೇಶ ಪಡೆಯಲು ಬೀದಿಗಿಳಿದು ದೀರ್ಘ ಹೋರಾಟ ನಡೆಸಬೇಕಾಯಿತು. ಆ ಆದೇಶ ಹೊರಬಿದ್ದದ್ದು ಲಿನಿಯ ಮರಣಕ್ಕೆ ಒಂದು ತಿಂಗಳು ಮುಂಚೆಯಷ್ಟೇ. ತ್ಯಾಗವನ್ನು ಹೊಗಳುವುದಕ್ಕೆ ಖರ್ಚಿಲ್ಲ; ಸಂಬಳ ಕೊಡುವುದಕ್ಕೆ ಖರ್ಚಿದೆ. ಆದ್ದರಿಂದಲೇ ನಮ್ಮ ಸಮಾಜ ಮೊದಲನೆಯದನ್ನು ಉದಾರವಾಗಿ ಮಾಡುತ್ತದೆ.

ಹಾಗಾದರೆ ನಾವೇನು ಮಾಡಬೇಕು? ನಮ್ಮ ಊರಿನ ಆಸ್ಪತ್ರೆಯ ದಾದಿಗೆ ಸಕಾಲಕ್ಕೆ ಸಂಬಳ ಸಿಗುತ್ತದೆಯೇ, ಕೈಗವಸು ಮುಖಗವಸು ಇವೆಯೇ, ರಾತ್ರಿ ಪಾಳಿ ಮುಗಿಸಿ ಸುರಕ್ಷಿತವಾಗಿ ಮನೆ ತಲುಪಲು ವ್ಯವಸ್ಥೆಯಿದೆಯೇ ಎಂದು ವಿಚಾರಿಸೋಣ. ನಮ್ಮವರೇ ನಡೆಸುವ ಆಸ್ಪತ್ರೆಗಳಿದ್ದರೆ ಅಲ್ಲಿಂದಲೇ ಆರಂಭಿಸೋಣ. ಬಾಡಿಗೆಗೆ ಕೊಡಲು ಮನೆಯಿದ್ದವರು ಬಾಗಿಲು ತೆರೆಯೋಣ. ಸಹೋದರಿಯೆಂದರೆ ಹಕ್ಕುಳ್ಳವಳು. ಅಣ್ಣ ತಮ್ಮಂದಿರ ಮೇಲೆ ಆಕೆಗೆ ಋಣವಿಲ್ಲ. ಅವರ ಮೇಲೆಯೇ ಆಕೆಯ ಋಣವಿದೆ.

ಲಿನಿಯ ಆ ಚಿಕ್ಕ ಪತ್ರ ಆಕೆಯ ಪತಿಗೆ ಬರೆದದ್ದು, ನಿಜ. ಆದರೆ ಮುಂದಿನ ಬಾರಿ ಹಾಸಿಗೆಯಿಂದ 'ಸಿಸ್ಟರ್' ಎಂದು ಕೂಗುವ ಪ್ರತಿಯೊಬ್ಬರೂ ಅದನ್ನು ತಮಗೆ ಬಂದ ಪತ್ರವೆಂದೇ ಭಾವಿಸಲಿ ಎಂದು ಹಾರೈಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.