ನುಸಿ ಎಣಿಸಿದ ವರ್ಷ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಶಾಲೆಯಿಂದ ನೀವು ಕಲಿತದ್ದೇನು’ ಎಂಬ ವಿಷಯ ಕೊಟ್ಟು ಹದಿನೈದು ನಿಮಿಷ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ವಿಷಯ ದೊಡ್ಡದು, ಸಮಯ ಸಣ್ಣದು. ಹಾಗಾಗಿ ಒಂದೇ ಒಂದು ಸಂಗತಿ ಹೇಳುತ್ತೇನೆ. 2000ನೇ ಇಸವಿಯಲ್ಲಿ, ನಾವು ಒಂಬತ್ತನೇ ತರಗತಿಯಲ್ಲಿದ್ದಾಗ, ಐದು ಜನ ಸೇರಿ ಮಾಡಿದ ನುಸಿ ಪ್ರಾಜೆಕ್ಟಿನ ಸಂಗತಿ.

ಹಿರಿಯರಿಗೆ ಆ ವರ್ಷಗಳು ನೆನಪಿರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾವ ತೋಟಕ್ಕೆ ಹೋದರೂ ಕಾಯಿಯ ಮೇಲೆ ಕಂದು ಬಣ್ಣದ ಗಾಯ, ಬಿರುಕು, ಬಿರುಕಿನಲ್ಲಿ ಅಂಟು. ಕಾಯಿ ಸೊಟ್ಟಗೆ, ಸಣ್ಣಗೆ. ರಸಗೊಬ್ಬರ ಹೆಚ್ಚಾಗಿ ಹೀಗಾಯಿತು ಎನ್ನುವವರು ಕೆಲವರು, ಮಳೆ ಕೆಟ್ಟಿದ್ದರಿಂದ ಎನ್ನುವವರು ಕೆಲವರು, ಕಲಿಗಾಲ ಎನ್ನುವವರು ಉಳಿದವರು. ತಿಪಟೂರು ಮಾರುಕಟ್ಟೆಯಿಂದ ಬಂದವರು ದಿನಕ್ಕೊಂದು ಸುದ್ದಿ ತರುತ್ತಿದ್ದರು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಂಡ ಪೀಡೆ ಗಾಳಿಯ ಮೇಲೆ ಕುಳಿತು ನಮ್ಮವರೆಗೂ ಬಂದಿತ್ತು.

ಆಗ ಮಕ್ಕಳ ವಿಜ್ಞಾನ ಸಮಾವೇಶ ಎಂಬ ಕಾರ್ಯಕ್ರಮ ನಡೆಯುತ್ತಿತ್ತು, ಈಗಲೂ ಇದೆ. ದೇಶದಾದ್ಯಂತ 1993ರಲ್ಲಿ ಶುರುವಾದದ್ದು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತಿತ್ತು. ಐದು ಮಕ್ಕಳ ಗುಂಪು, ತಮ್ಮ ಊರಿನದೇ ಸಮಸ್ಯೆ, ತಮ್ಮದೇ ಭಾಷೆ. ಪುಸ್ತಕ ನೋಡಿ ಬರೆದರೆ ಬೆಲೆಯಿಲ್ಲ, ತಾವೇ ನೋಡಿ, ಅಳೆದು, ಕೇಳಿ ಬರೆಯಬೇಕು. ನಮ್ಮ ವಿಜ್ಞಾನದ ಮೇಷ್ಟ್ರು ನಾಲ್ವರನ್ನು ಆರಿಸಿದರು: ಮೂವರು ತೋಟದ ಮನೆಯವರು, ಒಬ್ಬ ಅಂಗಡಿಯವರ ಹುಡುಗ. ಐದನೆಯವಳು ಯಾರು ಎಂದು ನಾವು ಕೇಳಿದಾಗ ಹಿಂದಿನ ಬೆಂಚಿನ ಒಬ್ಬಳನ್ನು ಕರೆದರು. ಅವಳ ಮನೆಯಲ್ಲಿ ಒಂದೂ ತೆಂಗಿನ ಮರ ಇರಲಿಲ್ಲ. ಅವಳಪ್ಪ ಕಾಯಿ ಸುಲಿಯುವ ಕೆಲಸದವರು. ತೆಂಗಿನ ಪ್ರಾಜೆಕ್ಟಿಗೆ ತೆಂಗಿಲ್ಲದವಳು ಯಾಕೆ ಎಂದು ನಮ್ಮಲ್ಲೊಬ್ಬ ಗೊಣಗಿದ. ಮೇಷ್ಟ್ರು ಕೇಳಿಸಿಕೊಂಡರೂ ಉತ್ತರ ಕೊಡಲಿಲ್ಲ.

ಮೊದಲು ನುಸಿಯನ್ನು ಕಣ್ಣಾರೆ ನೋಡಬೇಕಿತ್ತು. ಎರಡು ಮೂರು ತಿಂಗಳ ಎಳೆಗಾಯಿ ತಂದು, ತೊಟ್ಟಿನ ಹತ್ತಿರ ಟೋಪಿಯ ಹಾಗೆ ಮುಚ್ಚಿರುವ ಎಸಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಬರಿಗಣ್ಣಿಗೆ ಬಿಳಿ ಹುಡಿ. ಶಾಲೆಯ ಒಂದೇ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಹುಡಿ ಹರಿದಾಡುತ್ತಿತ್ತು. ಹುಳುವಿನಂತೆ ಉದ್ದನೆಯ ಮೈ. ನುಸಿಗಳಿಗೆ ಸಾಮಾನ್ಯವಾಗಿ ಎಂಟು ಕಾಲು, ಈ ಎರಿಯೋಫಿಡ್ ಜಾತಿಗೆ ನಾಲ್ಕೇ, ಅವೂ ತಲೆಯ ಬಳಿ. ಉದ್ದ ಕಾಲು ಮಿಲಿಮೀಟರಿನಷ್ಟು. ಸ್ಕೇಲಿನ ಒಂದು ಮಿಲಿಮೀಟರಿನಲ್ಲಿ ನಾಲ್ಕನ್ನು ಸಾಲಾಗಿ ನಿಲ್ಲಿಸಬಹುದು. ಮೊಟ್ಟೆಯಿಂದ ದೊಡ್ಡದಾಗಲು ಹತ್ತು ದಿನವೂ ಬೇಡ. ಇದರ ಹೆಸರು ಅಸೇರಿಯಾ ಗೆರೆರೋನಿಸ್. ಮೆಕ್ಸಿಕೋ ದೇಶದ ಗೆರೆರೋ ಎಂಬ ಪ್ರಾಂತ್ಯದ ಕಾಯಿಯಿಂದ 1965ರಲ್ಲಿ ಗುರುತಿಸಿದ್ದರಿಂದ ಆ ಹೆಸರು. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ನಮ್ಮ ಕೆರೆ ಏರಿಯ ಹಿಂದಿನ ತೋಟ!

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚೆನ್ನಾಗಿರುವ ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಅದು ಒಡೆದು ಕಾಯಿ ಬಲಿಯಲು ಸುಮಾರು 12 ತಿಂಗಳು. ಅಂದರೆ ಒಂದು ಮರದ ತಲೆಯಲ್ಲಿ ವರ್ಷದ ಎಲ್ಲಾ ತಿಂಗಳುಗಳೂ ಗೊನೆಗಳಾಗಿ ತೂಗುತ್ತಿರುತ್ತವೆ. ಮೇಲಿನದು ಈ ತಿಂಗಳದು, ಕೆಳಗಿನದು ಹೋದ ವರ್ಷದ್ದು. ಮರವೇ ಪಂಚಾಂಗ. ನಾವು ಮರ ಹತ್ತುವವರನ್ನು ಕಾಡಿ ಬೇಡಿ ಗೊನೆ ಗೊನೆಯಿಂದ ಒಂದೊಂದು ಕಾಯಿ ಇಳಿಸಿಕೊಂಡು ನೆಲದ ಮೇಲೆ ಸಾಲಾಗಿ ಜೋಡಿಸಿದೆವು. ತೀರಾ ಎಳೆಯ ಹೀಚಿನಲ್ಲಿ ಗಾಯ ಕಾಣುವುದಿಲ್ಲ. ಅದರ ಮುಂದಿನವುಗಳಲ್ಲಿ ಟೋಪಿಯ ಅಂಚಿನಿಂದ ಕೆಳಕ್ಕೆ ತ್ರಿಕೋನಾಕಾರದ ಬಿಳಿಚು ಮಚ್ಚೆ. ಇನ್ನೂ ಮುಂದೆ ಅದೇ ಮಚ್ಚೆ ಕಂದಾಗಿ, ಒಡೆದು, ಅಂಟು ಸುರಿಸಿ ನಿಂತಿದೆ. ನುಸಿ ಇರುವುದು ಟೋಪಿಯ ಒಳಗೆ, ಮೆತ್ತನೆಯ ಭಾಗದಲ್ಲಿ. ಕಾಯಿ ಬೆಳೆದಂತೆ ಗಾಯಗೊಂಡ ಭಾಗ ಹೊರಗೆ ಬರುತ್ತದೆ. ಆದ್ದರಿಂದ ನಾವು ನೋಡುವ ಗಾಯ ತಿಂಗಳುಗಳ ಹಿಂದಿನದು. ಮಾಗಿದ ಕಾಯಿಯ ಗಾಯ ನೋಡಿ ಔಷಧ ಹೊಡೆಯುವವರು ನುಸಿ ಬಿಟ್ಟುಹೋದ ಮನೆಗೆ ಬೀಗ ಹಾಕುತ್ತಿದ್ದರು.

ನಮ್ಮ ಸೀಮೆಗೆ ಇನ್ನೊಂದು ತಡ ಇದೆ. ನಾವು ಉಂಡೆ ಕೊಬ್ಬರಿಯವರು. ಕಾಯಿ ಇಳಿಸಿ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಬಿಟ್ಟುಕೊಂಡು ಗಡಗಡ ಅನ್ನಲು ಎಂಟರಿಂದ ಹನ್ನೆರಡು ತಿಂಗಳು ಬೇಕು. ಈ ವರ್ಷದ ನುಸಿಯಿಂದ ಕೊಬ್ಬರಿ ಎಷ್ಟು ಕಮ್ಮಿಯಾಯಿತು ಎಂಬುದು ಮುಂದಿನ ವರ್ಷ ಚಿಪ್ಪು ಒಡೆದಾಗ ಗೊತ್ತಾಗಬೇಕು. ಪ್ರಾಜೆಕ್ಟಿಗೆ ಇದ್ದದ್ದು ಮೂರು ತಿಂಗಳು. ನಷ್ಟ ಎಷ್ಟು ಎಂದು ಊರೆಲ್ಲ ಮಾತಾಡುತ್ತಿತ್ತು, ಆದರೆ ಆ ಲೆಕ್ಕ ಇನ್ನೂ ಅಟ್ಟದ ಮೇಲೆ ಕತ್ತಲಲ್ಲಿತ್ತು.

ಹಾಗಾದರೆ ಏನನ್ನು ಅಳೆಯುವುದು? ಗಾಯವನ್ನು. ಗಾಯವಿಲ್ಲದ ಕಾಯಿಗೆ ಸೊನ್ನೆ, ಮೈಯೆಲ್ಲ ಗಾಯವಾದದ್ದಕ್ಕೆ ನಾಲ್ಕು, ಮಧ್ಯೆ ಒಂದು, ಎರಡು, ಮೂರು. ಸುಲಭ ಅನ್ನಿಸಿತು. ಮೇಷ್ಟ್ರು ಮೇಜಿನ ಮೇಲೆ ಇಪ್ಪತ್ತು ಕಾಯಿ ಇಟ್ಟು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದಂತೆ ಐವರಿಂದಲೂ ಅಂಕ ಹಾಕಿಸಿದರು. ಐದು ಪಟ್ಟಿಗಳಲ್ಲಿ ಯಾವ ಎರಡೂ ಒಂದೇ ಆಗಿರಲಿಲ್ಲ. ತೋಟದ ಮನೆಯವರು ಕಡಿಮೆ ಅಂಕ ಹಾಕಿದ್ದರು; ದಿನಾ ನೋಡಿ ಕಣ್ಣಿಗೆ ಅಭ್ಯಾಸವಾಗಿತ್ತೋ, ತಮ್ಮ ತೋಟದ ಮಾನ ಉಳಿಸುವ ಆಸೆಯೋ. ಅಂಗಡಿಯವರ ಹುಡುಗನಿಗೆ ಎಲ್ಲವೂ ನಾಲ್ಕು.

ನನ್ನ ಮಟ್ಟಿಗೆ ಪ್ರಾಜೆಕ್ಟ್ ಶುರುವಾದದ್ದು ಆ ಮಧ್ಯಾಹ್ನ. ನಾನು ಮೂರು ಅಂದದ್ದು ಪಕ್ಕದವನಿಗೂ ಮೂರಾಗದಿದ್ದರೆ ಅದು ನನ್ನ ಅನಿಸಿಕೆ ಮಾತ್ರ. ಎರಡು ವಾರ ಹೊಸ ಕಾಯಿ ಎಣಿಸಲಿಲ್ಲ, ಎಣಿಸುವುದು ಹೇಗೆ ಎಂದು ಜಗಳವಾಡಿದೆವು. ಕೊನೆಗೆ ಪ್ರತಿ ಅಂಕಕ್ಕೂ ಒಂದು ಮಾದರಿ ಕಾಯಿ ಆರಿಸಿ, ಮೇಲೆ ಸುಣ್ಣದಲ್ಲಿ ಅಂಕಿ ಬರೆದು, ಪ್ರಯೋಗಾಲಯದ ಕಿಟಕಿಯ ಮೇಲೆ ಸಾಲಾಗಿ ಇಟ್ಟೆವು. ಸಂಶಯ ಬಂದರೆ ಕಿಟಕಿಯ ಹತ್ತಿರ ಹೋಗಿ ಹೋಲಿಸಿ ನೋಡುವುದು. ಗಾಯದ ಮೇಲೆ ಹಳೆಯ ಪೇಪರ್ ಒತ್ತಿ, ಗೆರೆ ಎಳೆದು, ಚೌಕದ ಹಾಳೆಯ ಮೇಲಿಟ್ಟು ಚೌಕ ಎಣಿಸುವುದು. ನಮ್ಮ ತೋಟದ ಕಾಯಿಗೆ ನಾವು ಅಂಕ ಹಾಕುವಂತಿಲ್ಲ ಎಂದು ಒಂದು ನಿಯಮ ಮಾಡಿದೆವು. ಆ ನಿಯಮ ಹೇಳಿದವಳು ಐದನೆಯವಳು.

ಅವಳು ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ. ಒಂದು ದಿನ ಕಾಯಿ ರಾಶಿಯ ಮುಂದೆ ಕುಳಿತಿದ್ದಾಗ ಕೇಳಿದಳು: “ನೀವು ಕಾಯಿಗಾದ ಗಾಯ ಬರ್ಕೊಂತಿದೀರಿ. ನಮ್ಮಪ್ಪನ ಕೈಗಾದದ್ದನ್ನ ಯಾವ ಕಾಲಮ್ಮಿಗೆ ಬರೀತೀರಿ?”

ನುಸಿ ಹತ್ತಿದ ಕಾಯಿಯ ಮಟ್ಟೆ ಗಟ್ಟಿಯಾಗಿ, ಒಳಗಿನ ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಸಲಾಕೆಗೆ ಚುಚ್ಚಿ ತಿರುಚಿದರೆ ಒಳ್ಳೆಯ ಕಾಯಿಯ ಮಟ್ಟೆ ಮೂರು ಪಾಲಾಗಿ ಬಿಟ್ಟುಕೊಳ್ಳುತ್ತದೆ. ನುಸಿ ಕಾಯಿಯದು ತುಂಡು ತುಂಡಾಗಿ ಹರಿಯುತ್ತದೆ, ಕೈ ಜಾರುತ್ತದೆ. ಕೂಲಿ ಕೊಡುವುದು ಕಾಯಿ ಲೆಕ್ಕದಲ್ಲಿ. ಕಾಯಿಗೆ ಹೊತ್ತು ಹೆಚ್ಚು ಹಿಡಿದರೆ ದಿನಕ್ಕೆ ಸುಲಿಯುವ ಕಾಯಿ ಕಡಿಮೆ, ಕೂಲಿಯೂ ಕಡಿಮೆ. ಊರಿನ ಯಾವ ಸಭೆಯಲ್ಲೂ ನುಸಿಯ ನಷ್ಟ ಎಂದರೆ ತೋಟದವರ ನಷ್ಟ. ಅರ್ಜಿಯ ನಮೂನೆಯಲ್ಲಿ ಸರ್ವೆ ನಂಬರು ಕೇಳುತ್ತಿದ್ದರು. ಸರ್ವೆ ನಂಬರು ಇಲ್ಲದವರಿಗೆ ನುಸಿ ಬಂದೇ ಇಲ್ಲ ಎಂದಾಯಿತು.

ಮೇಷ್ಟ್ರು ಕೈಗಡಿಯಾರ ಬಿಚ್ಚಿ ಕೊಟ್ಟರು. ಭಾನುವಾರ ಅವಳಪ್ಪನ ಹತ್ತಿರ ಹೋಗಿ, ಸೊನ್ನೆ ಅಂಕದ ಕಾಯಿಗಳ ಒಂದು ರಾಶಿ, ಮೂರು ನಾಲ್ಕರ ಒಂದು ರಾಶಿ ಮಾಡಿ, ಸುಲಿಯಲು ಹಿಡಿದ ಹೊತ್ತು ಬರೆದುಕೊಂಡೆವು. ಗಾಯದ ರಾಶಿಗೆ ಹೆಚ್ಚು ಹೊತ್ತು ಹಿಡಿಯಿತು. ಆ ಅಂಕಿಗಳನ್ನು ಇಲ್ಲಿ ಹೇಳುವುದಿಲ್ಲ. ಒಬ್ಬರು, ಒಂದು ಬೆಳಗ್ಗೆ ಸುಲಿದ ಲೆಕ್ಕ ಅದು. ತಾಲ್ಲೂಕಿಗೆಲ್ಲ ಹೊಂದಿಸಿ ಹೇಳಿದರೆ ಮೇಷ್ಟ್ರು ಇಂದಿಗೂ ಬೈಯುತ್ತಾರೆ, ಇಲ್ಲೇ ಕುಳಿತಿದ್ದಾರೆ. ಆದರೆ ಗುಂಪಿನ ಒಬ್ಬನ ಮನೆಯಲ್ಲಿ ಅದಾದ ಮೇಲೆ ಎರಡು ರಾಶಿ ಮಾಡಿ, ಎರಡು ದರದಲ್ಲಿ ಸುಲಿಸುವುದು ಶುರುವಾಯಿತು. ಎಷ್ಟು ಹೆಚ್ಚು ಕೊಟ್ಟರು ಎಂದು ಅವನು ಹೇಳಲಿಲ್ಲ. ಮನೆಯಲ್ಲಿ ಎರಡು ದಿನ ಮಾತು ಬಿಟ್ಟಿದ್ದರಂತೆ.

ಔಷಧದ ಸಂಗತಿಯನ್ನೂ ಹೇಳಲೇಬೇಕು. ಆಗ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎಳೆಬೇರಿಗೆ ಕಟ್ಟುವ ಕ್ರಮ ಇತ್ತು. ಬೇರು ಅದನ್ನು ಕುಡಿಯುತ್ತದೆ, ಮರದ ತಲೆಯವರೆಗೆ ಹೋಗುತ್ತದೆ. ಕಟ್ಟಿದ ಮೇಲೆ 45 ದಿನ ಕಾಯಿ ಕೀಳಬಾರದು. ತೋಟದವರಿಗೆ ಇದು ಗೊತ್ತು. ದಾರಿಯಲ್ಲಿ ಹೋಗುವವರಿಗೆ? ಸಂಜೆ ಎಳನೀರು ಕೆಡವಿಕೊಳ್ಳುವ ಹುಡುಗರಿಗೆ? ನಾವು ರಟ್ಟಿನ ಚೀಟಿಗಳ ಮೇಲೆ ಔಷಧ ಕಟ್ಟಿದ ತಾರೀಕು ಬರೆದು ಮರಕ್ಕೆ ಕಟ್ಟಿದೆವು. ಕೆಲವರು ನಕ್ಕರು, ಕೆಲವರು ಚೀಟಿ ಕಿತ್ತು ಹಾಕಿದರು. ಒಬ್ಬ ಅಜ್ಜಿ ಮಾತ್ರ ತನ್ನ ಮರಗಳಿಗೆಲ್ಲ ಕಟ್ಟಲು ಇನ್ನಷ್ಟು ಚೀಟಿ ಬರೆಸಿಕೊಂಡರು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರಲ್ಲ, ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಸೇರಿದ್ದು ಇದೇ ಮಾನೋಕ್ರೋಟೋಫಾಸ್. ಆ ಸುದ್ದಿ ಓದಿದ ದಿನ ನನಗೆ ಆ ರಟ್ಟಿನ ಚೀಟಿಗಳು ನೆನಪಾದವು.

ಬದಲಿಗೆ ಏನಿತ್ತು? ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರು ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಸೇರಿಸಿದ ಶೇಕಡಾ 2ರ ದ್ರಾವಣ ಹೇಳಿದ್ದರು. ಒಳ್ಳೆಯದೇ. ಆದರೆ ಗೊನೆಗೆ ತಾಗುವಂತೆ ಸಿಂಪಡಿಸಲು ಪ್ರತಿ ಮರವನ್ನೂ ಹತ್ತಬೇಕು, ಹತ್ತುವವರು ಎಲ್ಲಿದ್ದಾರೆ? ನಮ್ಮ ತಿಪಟೂರು ಎತ್ತರದ ತಳಿ ಹೆಸರಿಗೆ ತಕ್ಕಂತೆ ಎತ್ತರವೇ.

ಜಿಲ್ಲಾ ಮಟ್ಟದಲ್ಲಿ ಎಂಟು ನಿಮಿಷದಲ್ಲಿ ಇದನ್ನೆಲ್ಲ ಹೇಳಿದೆವು. ಪರಿಹಾರ ಏನು ಎಂದು ತೀರ್ಪುಗಾರರು ಕೇಳಿದರು. ನಮ್ಮಲ್ಲಿ ಪರಿಹಾರ ಇಲ್ಲ, ಲೆಕ್ಕ ಇದೆ ಎಂದು ಐದನೆಯವಳು ಹೇಳಿದಳು. ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಎಲ್ಲರಿಗೂ ಕಡಲೆಕಾಯಿ ಕೊಡಿಸಿದರು.

ಮುಂದಿನ ವರ್ಷ, 2001ರಲ್ಲಿ, ನೀರಾ ಚಳವಳಿ ಎದ್ದಿತು. ಕಾಯಿ ಕೈಕೊಟ್ಟಿದೆ, ಹೊಂಬಾಳೆಯಿಂದ ನೀರಾ ಇಳಿಸಲಾದರೂ ಬಿಡಿ ಎಂದು ರೈತರು ಕೇಳಿದರು. ಚನ್ನಪಟ್ಟಣದ ಬಳಿ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು. ಕಾಲು ಮಿಲಿಮೀಟರಿನ ಜೀವಿ ಅಲ್ಲಿಯವರೆಗೂ ಕರೆದೊಯ್ದಿತು ನಮ್ಮನ್ನು.

ನುಸಿ ಹೋಯಿತೇ? ಇಲ್ಲ, ಇವತ್ತೂ ತೋಟಕ್ಕೆ ಹೋದರೆ ಗಾಯದ ಕಾಯಿ ಸಿಗುತ್ತದೆ. ಆದರೆ ಮೊದಲ ವರ್ಷಗಳ ಆ ಆರ್ಭಟ ಇಲ್ಲ. ನುಸಿಯನ್ನು ತಿನ್ನುವ ಬೇರೆ ನುಸಿಗಳಿವೆ. ಅದಕ್ಕೆ ರೋಗ ತರುವ ಹಿರ್ಸುಟೆಲ್ಲಾ ಎಂಬ ಶಿಲೀಂಧ್ರ ಇದೆ. ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯವರು ಅದರಿಂದಲೇ ಒಂದು ಔಷಧ ಮಾಡಿದ್ದರು. ಈಚೆಗೆ ಇನ್ನೊಂದು ಬಂದಿದೆ: ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ ಬಿಡಿಸುವ ಬಿಳಿನೊಣ. 2016ರಲ್ಲಿ ಪೊಳ್ಳಾಚಿಯಲ್ಲಿ ಕಂಡದ್ದು. ಕೆಳಗಿನ ಗರಿಗಳ ಮೇಲೆ ಮಸಿ ಬಳಿದಂತೆ ಕಪ್ಪಾಗುವುದು ಅದರಿಂದಲೇ. ಇದಕ್ಕೆ ರಾಸಾಯನಿಕ ಹೊಡೆಯಬೇಡಿ, ಹೊಡೆದರೆ ಅದರ ಮರಿಯೊಳಗೆ ಮೊಟ್ಟೆಯಿಡುವ ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜ ಸಾಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಮಕ್ಕಳೇ, ನಿಮ್ಮಲ್ಲಿ ಒಂದು ಗುಂಪು ಈ ವರ್ಷ ಆ ಬಿಳಿನೊಣ ಎಣಿಸುತ್ತಿದೆ ಎಂದು ಬೆಳಗ್ಗೆ ಕೇಳಿದೆ. ನಮ್ಮ ಹಳೆಯ ನೋಟ್ ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ಗೆದ್ದಲು ಒಂದೆರಡು ಪುಟ ತಿಂದಿದೆ. ಚೌಕದ ಹಾಳೆಯ ಕ್ರಮ ಗರಿಗೂ ಹೊಂದುತ್ತದೆಯೇ ಎಂದು ಕೇಳಬೇಕಿದ್ದರೆ ನನ್ನನ್ನು ಕೇಳಬೇಡಿ. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ, ಹೆಸರು ಹೇಳಬಾರದು ಎಂದು ನನಗೆ ತಾಕೀತು ಮಾಡಿ, ಈಗ ತಲೆ ತಗ್ಗಿಸಿ ನಗುತ್ತಿದ್ದಾರಲ್ಲ, ಅವರನ್ನು ಕೇಳಿ.