ನಾಣ್ಯವೆಂದು ಕಾಯಿಸಬಾರದು



ಮಕ್ಕಳ ಗಂಟಲಿನಿಂದ ನಾಣ್ಯ, ಮೂಗಿನಿಂದ ಕಡಲೆಕಾಳು, ಕಿವಿಯಿಂದ ಮಣಿ ತೆಗೆಯುವುದು ಕಿವಿ-ಮೂಗು-ಗಂಟಲು ವಿಭಾಗದವರಾದ ನಮಗೆ ರೂಢಿಯ ಕೆಲಸ. ರೂಢಿಯಾದ ಕೆಲಸದಲ್ಲಿ ಅವಸರ ಇರುವುದಿಲ್ಲ. ಮಗು ಊಟ ಮಾಡಿದ್ದರೆ ಹೊಟ್ಟೆ ಖಾಲಿಯಾಗಲಿ ಎಂದು ಕಾಯುತ್ತೇವೆ. ಅರಿವಳಿಕೆ ತಜ್ಞರು ಬೆಳಿಗ್ಗೆ ಬರುತ್ತಾರೆಂದರೆ ರಾತ್ರಿಯೆಲ್ಲ ಇರಿಸಿಕೊಳ್ಳುತ್ತೇವೆ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ನಾಣ್ಯಕ್ಕೆ ಅದು ನಡೆದೀತು. ಆದರೆ ಬಟನ್ ಸೆಲ್ ನುಂಗಿದ ಮಗುವನ್ನೂ ಅದೇ ಸಾಲಿನಲ್ಲಿ ಕೂರಿಸುತ್ತಿದ್ದೇವಲ್ಲ, ಅದೇ ನನ್ನ ಸಂಕಟ.

ಸೆಲ್ ಒಡೆದು ಸೋರಿದರೆ ಮಾತ್ರ ಅಪಾಯ ಎಂದು ಹಲವರು ನಂಬಿದ್ದಾರೆ. ಸೋರಬೇಕಾಗಿಯೇ ಇಲ್ಲ. ರಿಮೋಟು, ಕಾರಿನ ಕೀಲಿ, ಅಡುಗೆಮನೆಯ ತಕ್ಕಡಿಗಳಲ್ಲಿ ಕಾಣುವ ಸಿಆರ್ 2032 ಲಿಥಿಯಂ ಸೆಲ್ 20 ಮಿ.ಮೀ. ಅಗಲ, 3 ವೋಲ್ಟಿನದು. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಆ ಅಗಲ ಸಾಕು. ಒದ್ದೆ ಲೋಳೆಪೊರೆ ತಾಗಿದೊಡನೆ ವಿದ್ಯುತ್ ಹರಿಯುತ್ತದೆ, ಋಣಧ್ರುವದ ಬದಿಯಲ್ಲಿ ನೀರು ಒಡೆದು ಹೈಡ್ರಾಕ್ಸೈಡ್ ಕಟ್ಟುತ್ತದೆ. ಕಟ್ಟಿಕೊಂಡ ಕೊಳವೆಗೆ ಸುರಿಯುವ ಕಾಸ್ಟಿಕ್ ಸೋಡಾ ಮಗುವಿನ ಗಂಟಲೊಳಗೇ ತಯಾರಾದಂತಾಯಿತು. ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. ರಿಮೋಟು ನಡೆಯದೆ ತೆಗೆದಿಟ್ಟ ಹಳೆಯ ಸೆಲ್ಲಿಗೂ ಇಷ್ಟು ಮಾಡುವ ಕಸುವು ಉಳಿದಿರುತ್ತದೆ.

ಹೊರಗಿನ ಮೇಜಿನ ಮೇಲೆ ಬೆಳಿಗ್ಗೆಯೇ ಕೋಳಿಮಾಂಸದ ಎರಡು ತುಂಡುಗಳ ನಡುವೆ ಒಂದು ಸೆಲ್ ಇಟ್ಟಿದ್ದೇವೆ. ಚಹಾಕ್ಕೆ ಹೋದಾಗ ಮೇಲಿನ ತುಂಡನ್ನು ಎತ್ತಿ ನೋಡಿ. ಅಂಚಿನಲ್ಲಿ ಸಣ್ಣ ನೊರೆ, ಅದರಡಿ ಕಪ್ಪಾದ ಮಾಂಸ. ಕೆಂಪು ಲಿಟ್ಮಸ್ ಕಾಗದ ಮುಟ್ಟಿಸಿ, ನೀಲಿಗೆ ತಿರುಗುತ್ತದೆ.

ಕ್ಷಾರದ ಈ ಗಾಯವನ್ನು ನಮ್ಮ ವಿಭಾಗ ಹಿಂದೆಯೂ ಕಂಡಿದೆ. ಫಿಲಡೆಲ್ಫಿಯಾದ ವೈದ್ಯ ಷೆವಲಿಯರ್ ಜಾಕ್ಸನ್, ರೋಗಿಗಳು ನುಂಗಿದ ಸಾವಿರಾರು ವಸ್ತುಗಳನ್ನು ಹೊರತೆಗೆದ ನಿಪುಣರು. ಅಂಥವರೂ ಚಿಮಟವೊಂದನ್ನೇ ನಂಬಿ ಕೂರಲಿಲ್ಲ. ಮನೆಬಳಕೆಯ ಕ್ಷಾರ ನುಂಗಿ ಅನ್ನನಾಳ ಬೆಂದ ಮಕ್ಕಳನ್ನು ನೋಡಿ ನೋಡಿ, ಡಬ್ಬಿಗಳ ಮೇಲೆ ವಿಷವೆಂದು ಬರೆಸಲು ಹೋರಾಡಿದರು. 1927ರಲ್ಲಿ ಅಮೆರಿಕದಲ್ಲಿ ಕಾನೂನಾಯಿತು. ಸೆಲ್ಲುಗಳ ವಿಷಯದಲ್ಲಿ ಆಸ್ಟ್ರೇಲಿಯಾ 2022ರ ಜೂನ್‌ನಲ್ಲಿ ಕಡ್ಡಾಯ ಸುರಕ್ಷತಾ ಮಾನಕ ತಂದಿತು. ಅಮೆರಿಕವೂ ಅದೇ ವರ್ಷ ಕಾನೂನು ಮಾಡಿತು. ನಮ್ಮಲ್ಲಿ 2021ರಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯ. ಆದರೆ ರಿಮೋಟು ಆಟಿಕೆಯಲ್ಲ, ಹಾಡುವ ಶುಭಾಶಯ ಪತ್ರ ಆಟಿಕೆಯಲ್ಲ. ದೀಪಾವಳಿಗೆ ಸಾಲಾಗಿ ಇಡುವ ಪ್ಲಾಸ್ಟಿಕ್ ಹಣತೆಯ ತಳದ ಮುಚ್ಚಳ ಎಷ್ಟೋ ಸಲ ಉಗುರಿಗೇ ತೆರೆದುಕೊಳ್ಳುತ್ತದೆ. ನಾವೇ ಬರೆದುಕೊಡುವ ಶ್ರವಣ ಸಾಧನಗಳಲ್ಲೂ ಬಟನ್ ಸೆಲ್ ಇರುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಸೆಲ್ ಬದಲಿಸುವಾಗ ಹಳೆಯದನ್ನು ಎಲ್ಲಿಡಬೇಕೆಂದು ಅಜ್ಜ ಅಜ್ಜಿಗೆ ಹೇಳಿಕೊಡುವುದು ನಮ್ಮದೇ ಕೆಲಸ.

ಇನ್ನು ಚಿತ್ರಪಟದ ಮಾತು. ಎದುರಿನಿಂದ ತೆಗೆದ ಎಕ್ಸ್‌-ರೇಯಲ್ಲಿ ಬಟನ್ ಸೆಲ್‌ಗೆ ಅಂಚಿನೊಳಗೆ ಇನ್ನೊಂದು ವೃತ್ತ ಕಾಣುತ್ತದೆ, ಪಕ್ಕದಿಂದ ತೆಗೆದರೆ ಸಣ್ಣ ಮೆಟ್ಟಿಲು. ತೆಳ್ಳಗಿನ ಸೆಲ್‌ನಲ್ಲಿ ಇವು ಮಸುಕಾಗಿರಬಹುದು, ಹಾಗಾಗಿ ಸಂಶಯ ಬಂದರೆ ಸೆಲ್ ಎಂದೇ ಹಿಡಿಯಿರಿ. ಕಿರಿದಾದ ಬದಿ ಋಣಧ್ರುವ. ಅದು ಮುಂದಕ್ಕೆ ಮುಖಮಾಡಿದ್ದರೆ ಶ್ವಾಸನಾಳದ ಚಿಂತೆ, ಹಿಂದಕ್ಕಾದರೆ ಬೆನ್ನುಮೂಳೆಯ ಚಿಂತೆ. ಮಹಾಪಧಮನಿಯೂ ದೂರವಿಲ್ಲ. ಸೆಲ್ ತೆಗೆದ ಮೇಲೂ ಗಾಯ ಆಳಕ್ಕಿಳಿಯುತ್ತ ಹೋಗಿ, ಮಗು ಮನೆಯಲ್ಲಿ ಆಡಿಕೊಂಡಿರುವಾಗ, ವಾರಗಳ ನಂತರ ರಕ್ತ ಕಾರಿ ಸತ್ತ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಸ್ವಲ್ಪವೇ ರಕ್ತ ಕಂಡರೂ ಓಡಿ ಬನ್ನಿ ಎಂದು ತಾಯಿಗೆ ಹೇಳದೆ ಯಾವ ಮಗುವನ್ನೂ ಬಿಡುಗಡೆ ಮಾಡಬೇಡಿ.

ಮೂಗಿನಲ್ಲಿ ಸಿಕ್ಕಿಕೊಂಡ ಸೆಲ್ ಸುಲಭವಾಗಿ ಕಣ್ತಪ್ಪುತ್ತದೆ. ಒಂದೇ ಹೊಳ್ಳೆಯಿಂದ ಕಪ್ಪುಮಿಶ್ರಿತ, ನಾರುವ ಸಿಂಬಳ ಬರುತ್ತಿದ್ದರೆ ನೆಗಡಿ ಔಷಧ ಬರೆಯುವ ಮೊದಲು ಒಳಗೆ ನೋಡಿ. ನಡುಗೋಡೆ ತೂತಾಗಲು ಹೆಚ್ಚು ಹೊತ್ತು ಬೇಡ. ಮೂಗಿಗಾಗಲಿ ಕಿವಿಗಾಗಲಿ ಹನಿ ಹಾಕಲೇಬಾರದು. ಲವಣದ್ರವ ವಿದ್ಯುತ್ತಿಗೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಕಿವಿಯಲ್ಲಾದರೆ ತಮಟೆ ಹರಿಯಬಹುದು, ಮುಖದ ನರಕ್ಕೂ ಪೆಟ್ಟಾಗಬಹುದು.

ನುಂಗಿದ್ದನ್ನು ಕೆಳಗಿಳಿಸಲು ಬಾಳೆಹಣ್ಣು ತಿನ್ನಿಸುವುದು, ಅನ್ನದ ಉಂಡೆ ನುಂಗಿಸುವುದು ನಮ್ಮ ಮನೆಗಳ ರೂಢಿ. ಸೆಲ್ ಆದರೆ ಅದು ಬೇಡ, ವಾಂತಿ ಮಾಡಿಸುವುದೂ ಬೇಡ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ, ಹನ್ನೆರಡು ಗಂಟೆಯೊಳಗಾದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ ಕೊಡಬಹುದು. ಜೇನು ಕ್ಷಾರದ ತೀವ್ರತೆಯನ್ನು ತಗ್ಗಿಸುತ್ತದೆಂದು ಹಂದಿಮರಿಗಳ ಮೇಲಿನ ಪ್ರಯೋಗದಲ್ಲಿ 2018ರಲ್ಲಿ ಕಂಡುಬಂತು. ಅದು ಆಸ್ಪತ್ರೆಯ ದಾರಿಯಲ್ಲಿ ಕೊಡುವುದೇ ಹೊರತು ಕೊಟ್ಟು ಮನೆಯಲ್ಲಿ ಕಾಯುವುದಲ್ಲ. ಪಾವಗಡದ ಮಗು ತುಮಕೂರಿನ ದೊಡ್ಡಾಸ್ಪತ್ರೆ ತಲುಪುವಷ್ಟರಲ್ಲೇ ಎರಡು ಗಂಟೆ ಮುಗಿಯುತ್ತ ಬಂದಿರುತ್ತದೆ. ಹೊಟ್ಟೆ ಖಾಲಿಯಿಲ್ಲವೆಂದು ಆ ಮಗುವನ್ನು ಮತ್ತೆ ಕಾಯಿಸುವ ಹಕ್ಕು ನಮಗಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದೇ ಪುಟದ ಸೂಚನೆಯ ಕರಡು ನಿಮ್ಮ ಕೈಗೆ ಬರುತ್ತದೆ. ಎಕ್ಸ್‌-ರೇ ಕೋಣೆಯಿಂದ ಯಾರಿಗೆ ಫೋನ್ ಹೋಗಬೇಕು, ರೋಗಿ ಹೊರಡುವ ಮೊದಲೇ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಯಾರು ತಿಳಿಸಬೇಕು ಎಂಬೆರಡು ಜಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ನಿಮ್ಮ ಊರಿನ ಮಟ್ಟಿಗೆ ಅವನ್ನು ಭರ್ತಿ ಮಾಡಿಯೇ ಹೊರಡಬೇಕೆಂದು ಕೇಳಿಕೊಳ್ಳುತ್ತೇನೆ.